ಮನೆಯಂಗಳದಲ್ಲಿ ಅನಿಮೋನ್: ಗೆಡ್ಡೆ, ಬೇರುಕಾಂಡ, ಬೇರು ನೋಡಿ ನೆಡುವ ಕ್ರಮ

ಅನಿಮೋನ್ ಎಂಬ ಒಂದೇ ಹೆಸರಿನಲ್ಲಿ ಸಿಗುವ ಗಿಡಗಳ ಸ್ವಭಾವಗಳ ನಡುವೆ ಅಜಗಜಾಂತರವಿದೆ. ಒಂದು ಜಾತಿ ಗೇಣುದ್ದವೂ ಬೆಳೆಯದೆ ವಸಂತದ ಆರಂಭದಲ್ಲಿಯೇ ಹೂಬಿಟ್ಟು ಬೇಸಿಗೆಗೆ ಮೊದಲೇ ಮಣ್ಣಿನೊಳಗೆ ಮರೆಯಾದರೆ, ಮತ್ತೊಂದು ಎದೆಯೆತ್ತರಕ್ಕೆ ಬೆಳೆದು ಶರತ್ಕಾಲದಲ್ಲಿ ಅರಳುತ್ತದೆ. ಆದ್ದರಿಂದ ಬಿಸಿಲು, ನೀರು, ನೆಡುವ ಆಳ ಇವುಗಳಿಗೆ ಎಲ್ಲ ಅನಿಮೋನ್‌ಗಳಿಗೂ ಹೊಂದುವ ಒಂದೇ ನಿಯಮವನ್ನು ಹುಡುಕಿದರೆ ಪ್ರಯೋಜನವಿಲ್ಲ. ಗಿಡವನ್ನು ಕೊಳ್ಳುವಾಗ ಹೂವಿನ ಬಣ್ಣಕ್ಕಿಂತ ಮೊದಲು ಅದರ ಬುಡದಲ್ಲಿರುವುದು ಗೆಡ್ಡೆಯೋ, ಬೇರುಕಾಂಡವೋ (ಮಣ್ಣಿನಡಿಯಲ್ಲಿ ಅಡ್ಡಲಾಗಿ ಬೆಳೆಯುವ ಕಾಂಡ), ಸಾಮಾನ್ಯ ನಾರುಬೇರೋ ಎಂಬುದನ್ನು ವಿಚಾರಿಸಿಕೊಳ್ಳಬೇಕು. ಮುಂದಿನ ಆರೈಕೆಯ ಬಹುಪಾಲು ಅದರಿಂದಲೇ ತೀರ್ಮಾನವಾಗುತ್ತದೆ.

ಹೂದಾನಿಗಾಗಿ ಬೆಳೆಸುವವರು ಸಾಮಾನ್ಯವಾಗಿ ಆರಿಸುವುದು ಮೆಡಿಟರೇನಿಯನ್ ಸುತ್ತಲಿನ ನಾಡುಗಳ ಅನಿಮೋನ್ ಕೊರೊನೇರಿಯಾ ಎಂಬ ಜಾತಿಯನ್ನು. ಕೆಂಪು, ನೇರಳೆ, ಗುಲಾಬಿ, ಬಿಳಿ ಬಣ್ಣದ ಅಗಲವಾದ ಹೂವಿನ ನಡುವೆ ಅಂಗಿಯ ಗುಂಡಿಯಂತಹ ಕಪ್ಪನೆಯ ಭಾಗವಿರುವುದು ಇದರ ಗುರುತು. ಒಂದೇ ಸುತ್ತಿನ ಎಸಳುಗಳಿರುವ ‘ಡಿ ಕೇನ್’ ಮತ್ತು ಹಲವು ಸುತ್ತುಗಳಿರುವ ‘ಸೇಂಟ್ ಬ್ರಿಜಿಡ್’ ಎಂಬ ಎರಡು ಗುಂಪುಗಳು ಹೆಚ್ಚು ಪ್ರಚಲಿತ. ನಾವು ಎಸಳು ಎಂದು ಕರೆಯುವುದು ಸಸ್ಯಶಾಸ್ತ್ರದ ಪ್ರಕಾರ ಬಣ್ಣ ತಳೆದ ಪುಷ್ಪಪತ್ರಗಳು (ಬೇರೆ ಹೂಗಳಲ್ಲಿ ಎಸಳಿನ ಹೊರಗೆ ಸಾಮಾನ್ಯವಾಗಿ ಹಸಿರಾಗಿರುವ ಭಾಗ). ಸಂಜೆಯಾಗುತ್ತಲೇ ಇವು ಮುಚ್ಚಿಕೊಂಡು ಬೆಳಗಿನ ಬಿಸಿಲಿಗೆ ಮತ್ತೆ ತೆರೆದುಕೊಳ್ಳುತ್ತವೆ.

ಇದರ ಗೆಡ್ಡೆ ಕೈಗೆ ಬಂದಾಗ ಒಣಗಿದ ಅಂಟುವಾಳಕಾಯಿಯಂತೆ ಕಪ್ಪಗೆ, ಸುಕ್ಕುಗಟ್ಟಿ, ಗಟ್ಟಿಯಾಗಿರುತ್ತದೆ. ಅದನ್ನು ಕೊಠಡಿಯ ಉಷ್ಣತೆಯ ನೀರಿನಲ್ಲಿ ಮೂರು ನಾಲ್ಕು ಗಂಟೆ ನೆನೆಸಿದರೆ ಸುಕ್ಕುಗಳು ಬಿಟ್ಟು ಉಬ್ಬಿಕೊಳ್ಳುತ್ತದೆ. ಇದಕ್ಕಿಂತ ಬಹಳ ಹೊತ್ತು ನೀರಿನಲ್ಲಿಯೇ ಬಿಟ್ಟರೆ ಗೆಡ್ಡೆಗೆ ಗಾಳಿ ಸಿಗದೆ ಕೊಳೆಯಲು ಆರಂಭಿಸುವುದರಿಂದ ಸಮಯದ ಬಗ್ಗೆ ಎಚ್ಚರವಿರಲಿ. ಸ್ವಲ್ಪ ಹೆಚ್ಚು ಶ್ರಮಪಡಲು ಸಿದ್ಧರಿರುವವರು ನೆನೆದ ಗೆಡ್ಡೆಗಳನ್ನು ತೇವವಿರುವ, ಆದರೆ ಹಿಂಡಿದರೆ ನೀರಿಳಿಯದಷ್ಟು ಹದವಾದ ತೆಂಗಿನ ನಾರಿನ ಪುಡಿಯಲ್ಲಿ ಹುದುಗಿಸಿ, 5ರಿಂದ 10 ಡಿಗ್ರಿ ಸೆಲ್ಸಿಯಸ್ ಇರುವ ಕತ್ತಲೆಯ ಜಾಗದಲ್ಲಿ ಸುಮಾರು ಎರಡು ವಾರ ಇಡಬಹುದು. ಬಿಳಿಯ ಎಳೆಬೇರುಗಳು ಹೊರಟ ಗೆಡ್ಡೆಗಳನ್ನಷ್ಟೇ ನೆಟ್ಟು, ಮೆತ್ತಗಾದವನ್ನೂ ಬೂಷ್ಟು ಹಿಡಿದವನ್ನೂ ಎಸೆಯಬೇಕು. ನನಗೆ ಇದು ಅತ್ಯಂತ ಭರವಸೆಯ ಕ್ರಮವೆನಿಸುತ್ತದೆ, ಏಕೆಂದರೆ ಯಾವ ಗೆಡ್ಡೆ ಬದುಕಿದೆ, ಯಾವುದು ಸತ್ತಿದೆ ಎಂಬುದು ನೆಡುವ ಮೊದಲೇ ಕಣ್ಣಿಗೆ ಕಾಣುತ್ತದೆ.

ಗೆಡ್ಡೆಯ ಮೇಲ್ಭಾಗ ಯಾವುದೆಂದು ತಿಳಿಯದೆ ಅನೇಕರು ಗೊಂದಲಕ್ಕೊಳಗಾಗುತ್ತಾರೆ. ಸಾಮಾನ್ಯವಾಗಿ ಚೂಪಾದ ತುದಿ ಕೆಳಮುಖವಾಗಿರಬೇಕು. ಗುರುತು ಸಿಗದಿದ್ದರೆ ಅಡ್ಡಲಾಗಿ ಮಲಗಿಸಿ ನೆಟ್ಟರಾಯಿತು, ಮೊಳಕೆ ತಾನಾಗಿಯೇ ಮೇಲಕ್ಕೆ ತಿರುಗುತ್ತದೆ. 5 ಸೆಂಟಿಮೀಟರ್ ಆಳ, ಗೆಡ್ಡೆಯಿಂದ ಗೆಡ್ಡೆಗೆ 10ರಿಂದ 15 ಸೆಂಟಿಮೀಟರ್ ಅಂತರ ಸಾಕು. ಮಣ್ಣು ನೀರು ಬಸಿಯುವಂತಿರಬೇಕು. ಜೇಡಿಮಣ್ಣಾದರೆ ಕಾಂಪೋಸ್ಟ್ ಮತ್ತು ದಪ್ಪ ಮರಳನ್ನು ಬೆರೆಸಬೇಕು, ಇಲ್ಲವೇ ಮಡಿಯನ್ನು ಎತ್ತರಿಸಬೇಕು. ನೆಟ್ಟ ದಿನ ಒಮ್ಮೆ ಚೆನ್ನಾಗಿ ನೀರು ಕೊಟ್ಟು, ಎಲೆ ಕಾಣಿಸುವವರೆಗೆ ಮಣ್ಣಿನ ಮೇಲ್ಪದರ ಒಣಗಿದಾಗ ಮಾತ್ರ ಹನಿಸಬೇಕು. ಈ ಜಾತಿಗೆ ಪೂರ್ಣ ಬಿಸಿಲು ಬೇಕು, ಆದರೆ ಸೆಕೆ ಆಗದು: ಮಣ್ಣು ಬಿಸಿಯೇರುತ್ತಿದ್ದಂತೆ ಹೂ ನಿಂತು ಎಲೆ ಹಳದಿಯಾಗಿ ಗೆಡ್ಡೆ ಸುಪ್ತಾವಸ್ಥೆಗೆ ಜಾರುತ್ತದೆ. ಆದ್ದರಿಂದ ಚಳಿಗಾಲ ಸೌಮ್ಯವಾಗಿರುವ ಕಡೆ ಸೆಕೆ ಇಳಿದ ಮೇಲೆ ಶರತ್ಕಾಲದಲ್ಲಿಯೂ, ನೆಲ ಹೆಪ್ಪುಗಟ್ಟುವ ಕಡೆ ವಸಂತದ ಆರಂಭದಲ್ಲಿಯೂ ನೆಡುವುದು ಸರಿ. ನೆಟ್ಟ ಸುಮಾರು ಮೂರು ತಿಂಗಳಿಗೆ ಹೂ ನಿರೀಕ್ಷಿಸಬಹುದು.

ಹೂ ಕೊಯ್ಯುವ ಹದವನ್ನು ಅದರ ಕೆಳಗಿರುವ ಸೀಳೆಲೆಗಳ ಕೊರಳಪಟ್ಟಿಯನ್ನು ನೋಡಿ ತಿಳಿಯಬೇಕು. ಮೊಗ್ಗಾಗಿದ್ದಾಗ ಈ ಪಟ್ಟಿ ಹೂವಿಗೆ ಅಂಟಿಕೊಂಡಿರುತ್ತದೆ. ಹೂವಿಗೂ ಅದಕ್ಕೂ ನಡುವೆ ಒಂದು ಬೆರಳಿನಷ್ಟು ತೊಟ್ಟು ಬೆಳೆದ ಮೇಲೆ, ಹೂ ಒಮ್ಮೆ ಅರಳಿ ಮುಚ್ಚಿದ ನಂತರ, ಬುಡದ ಬಳಿ ಕತ್ತರಿಸಿದರೆ ಹೂದಾನಿಯಲ್ಲಿ ವಾರಕ್ಕೂ ಹೆಚ್ಚು ಕಾಲ ಬಾಳುತ್ತದೆ.

ಗೆಡ್ಡೆಯಿರುವ ಇನ್ನೊಂದು ಜಾತಿ ಅನಿಮೋನ್ ಬ್ಲಾಂಡಾ. ಸೇವಂತಿಗೆಯಂತೆ ಕಿರಿದಾದ ಎಸಳುಗಳಿರುವ ಇದು 10ರಿಂದ 15 ಸೆಂಟಿಮೀಟರ್ ಎತ್ತರದ ಪುಟ್ಟ ಗಿಡ. ನೆನೆಸುವ ಮತ್ತು ನೆಡುವ ಕ್ರಮ ಮೇಲಿನಂತೆಯೇ, ಆದರೆ ಜಾಗ ಬೇರೆ: ಎಲೆಯುದುರುವ ಮರದ ಬುಡ ಇದಕ್ಕೆ ಹೇಳಿ ಮಾಡಿಸಿದ ತಾಣ, ಏಕೆಂದರೆ ಹೂಬಿಡುವ ಕಾಲದಲ್ಲಿ ಕೊಂಬೆಗಳು ಬೋಳಾಗಿದ್ದು ಬಿಸಿಲು ಸಿಗುತ್ತದೆ, ಗೆಡ್ಡೆ ಮಲಗಿರುವಾಗ ನೆರಳು ಸಿಗುತ್ತದೆ.

ಯೂರೋಪಿನ ಕಾಡುಗಳ ಅನಿಮೋನ್ ನೆಮರೋಸಾಗೆ ಗೆಡ್ಡೆಯಿಲ್ಲ. ಕಡ್ಡಿಯಂತೆ ತೆಳ್ಳಗಿನ ಕಂದು ಬೇರುಕಾಂಡವಿದೆ. ಇದು ಒಣಗಿದರೆ ಮತ್ತೆ ಚಿಗುರುವ ಸಾಧ್ಯತೆ ತೀರ ಕಡಿಮೆ. ಹಾಗಾಗಿ ಒಣ ಬೇರುಕಾಂಡಕ್ಕಿಂತ ಕುಂಡದಲ್ಲಿ ಬೆಳೆದ ಗಿಡವನ್ನು ಕೊಳ್ಳುವುದೇ ಒಳ್ಳೆಯದು. ಕೊಳೆತ ಎಲೆಗೊಬ್ಬರ ಬೆರೆತ ತಂಪಾದ ಮಣ್ಣಿನಲ್ಲಿ, ಮೂರು ನಾಲ್ಕು ಸೆಂಟಿಮೀಟರ್ ಆಳದಲ್ಲಿ ಅಡ್ಡಲಾಗಿ ಇಟ್ಟು, ಎಲೆಗಳು ಮರೆಯಾದ ಮೇಲೂ ಆ ಜಾಗವನ್ನು ಅಗೆಯದೆ ಬಿಡಬೇಕು. ಬಹಳ ನಿಧಾನವಾಗಿ ಹಬ್ಬುತ್ತದೆ, ಕಾಯುವ ತಾಳ್ಮೆ ಬೇಕು.

ಶರತ್ಕಾಲದ ಜಪಾನೀ ಅನಿಮೋನ್ ಮೂಲತಃ ಚೀನಾದ ಗಿಡ. ಜಪಾನಿನಲ್ಲಿ ಬಹುಕಾಲದಿಂದ ಬೆಳೆಸಿಕೊಂಡು ಬಂದದ್ದರಿಂದ ಆ ಹೆಸರು ಉಳಿಯಿತು. ನಾರುಬೇರಿನ ಈ ಗಿಡ ತಳಿಗೆ ತಕ್ಕಂತೆ 60ರಿಂದ 120 ಸೆಂಟಿಮೀಟರ್ ಎತ್ತರಕ್ಕೇರುತ್ತದೆ. 1858ರಲ್ಲಿ ಫ್ರಾನ್ಸಿನಲ್ಲಿ ಕಾಣಿಸಿಕೊಂಡ ಬಿಳಿ ಹೂವಿನ ‘ಆನರೀನ್ ಜೋಬೇರ್’ ಇಂದಿಗೂ ತೋಟಗಳಲ್ಲಿದೆ, ಒಂದೇ ತಳಿ ಬೇಕೆನ್ನುವವರಿಗೆ ನಾನು ಸೂಚಿಸುವುದೂ ಅದನ್ನೇ. ವಸಂತದಲ್ಲಿ, ಅರೆನೆರಳಿನಲ್ಲಿ, 45ರಿಂದ 60 ಸೆಂಟಿಮೀಟರ್ ಅಂತರದಲ್ಲಿ ನೆಟ್ಟು, ಮೊದಲ ವರ್ಷ ಮಣ್ಣು ಒಣಗದಂತೆ ನೋಡಿಕೊಳ್ಳಬೇಕು. ಆ ವರ್ಷ ಹೂ ಕಡಿಮೆಯಿದ್ದರೆ ನಿರಾಶರಾಗಿ ಕೀಳಬಾರದು. ಬೇರೂರಿದ ಮೇಲೆ ಭೂಮಿಯಡಿಯಲ್ಲಿ ಕಂದುಗಳನ್ನು ಕಳುಹಿಸಿ ಅದು ಎಷ್ಟು ಹಬ್ಬುತ್ತದೆಂದರೆ ಪಕ್ಕದ ಮೃದು ಸಸಿಗಳನ್ನು ಅದುಮಿಬಿಡುತ್ತದೆ. ಮಣ್ಣಿನಲ್ಲುಳಿದ ಬೇರಿನ ತುಂಡೂ ಚಿಗುರುವುದರಿಂದ ನಂತರ ಸ್ಥಳಾಂತರಿಸುವುದು ಕಷ್ಟ. ಜಾಗವನ್ನು ಮೊದಲೇ ಯೋಚಿಸಿ ಗೊತ್ತುಮಾಡಿಕೊಳ್ಳಬೇಕು. ಇದೇ ಗುಣದಿಂದ ಸಸ್ಯಾಭಿವೃದ್ಧಿ ಮಾತ್ರ ಬಲು ಸುಲಭ: ಚಳಿಗಾಲದಲ್ಲಿ ದಪ್ಪ ಬೇರನ್ನು 5 ಸೆಂಟಿಮೀಟರ್ ತುಂಡುಗಳಾಗಿ ಕತ್ತರಿಸಿ ಕುಂಡದಲ್ಲಿ ಹುದುಗಿಸಿದರೆ ವಸಂತದಲ್ಲಿ ಚಿಗುರುತ್ತವೆ.

ಅನಿಮೋನ್‌ಗಳ ರಸ ಚರ್ಮಕ್ಕೆ ಉರಿ ತರುತ್ತದೆ, ತಿಂದರೆ ವಿಷಕಾರಿ. ಆದ್ದರಿಂದ ಕತ್ತರಿಸುವಾಗ ಕೈಗವಸು ಧರಿಸಬೇಕು, ಮಕ್ಕಳ ಮತ್ತು ಸಾಕುಪ್ರಾಣಿಗಳ ಬಾಯಿಗೆ ಸಿಗದಂತೆ ಎಚ್ಚರವಹಿಸಬೇಕು. ಎಳೆಯ ಚಿಗುರನ್ನು ಗೊಂಡೆಹುಳುಗಳು (ಚಿಪ್ಪಿಲ್ಲದ ಬಸವನಹುಳುಗಳು) ರಾತ್ರಿ ತಿನ್ನುವುದರಿಂದ ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹುಡುಕಿ ತೆಗೆಯಬೇಕು. ಗಾಳಿಯಾಡದ ಕಡೆ ಎಲೆಗಳಿಗೆ ಬೂದಿರೋಗ ಬರುತ್ತದೆ. ಕೊರೊನೇರಿಯಾದ ಎಲೆಗಳು ದಪ್ಪಗಾಗಿ, ವಿಕಾರಗೊಂಡು, ಅಡಿಯಲ್ಲಿ ಚುಕ್ಕೆಗಳು ಮೂಡಿದರೆ ತುಕ್ಕುರೋಗವಿರಬಹುದು. ಅದರ ಶಿಲೀಂಧ್ರ ಪ್ಲಮ್ ಜಾತಿಯ ಮರಗಳಲ್ಲಿಯೂ ಬದುಕುವುದರಿಂದ, ರೋಗ ತಗುಲಿದ ಗಿಡವನ್ನು ಗೆಡ್ಡೆಸಹಿತ ಕಿತ್ತು ನಾಶಪಡಿಸಬೇಕು, ಕಾಂಪೋಸ್ಟ್ ಗುಂಡಿಗೆ ಹಾಕಬಾರದು.