ಸ್ಟ್ಯಾಂಡ್‌ಬೈ ಇದೆ ಅಂತ ಸುಮ್ನೆ ಕೂರಬೇಡಿ: ಪೋಸ್ಟ್‌ಗ್ರೆಸ್‌ನಲ್ಲಿ ಮಾಡಬೇಕಾದ ಕೆಲಸ

"ಸ್ಟ್ಯಾಂಡ್‌ಬೈ ಇದೆಯಲ್ಲ, ಇನ್ನು ಬ್ಯಾಕಪ್ ಯಾಕೆ?" ಅಂತ ಕೇಳುವವರು ಎಲ್ಲ ಆಫೀಸಿನಲ್ಲೂ ಒಬ್ಬರಿರುತ್ತಾರೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಪ್ರೈಮರಿ ಅಂದರೆ ಕೆಲಸ ನಡೆಯುವ ಮುಖ್ಯ ಸರ್ವರ್; ಸ್ಟ್ಯಾಂಡ್‌ಬೈ ಅಂದರೆ ಅದರ ಪ್ರತಿ ಬದಲಾವಣೆಯನ್ನೂ ನಕಲು ಮಾಡಿಕೊಳ್ಳುತ್ತಾ (ಇದೇ ರೆಪ್ಲಿಕೇಶನ್) ಸಿದ್ಧವಾಗಿರುವ ಇನ್ನೊಂದು ಸರ್ವರ್. ಪ್ರೈಮರಿಯಲ್ಲಿ ಯಾರೋ ಯಾವ ಸಾಲುಗಳು ಅಂತ ಹೇಳುವ ವೇರ್ ಹಾಕೋದು ಮರೆತು ಡಿಲೀಟ್ ಕೊಟ್ಟರು ಅನ್ನಿ, ನೀವು ಅಯ್ಯೋ ಅನ್ನುವಷ್ಟರಲ್ಲಿ ಸ್ಟ್ಯಾಂಡ್‌ಬೈನಲ್ಲೂ ಆ ಸಾಲುಗಳು ಮಾಯ. ಡಿಸ್ಕ್ ಕೆಟ್ಟರೆ, ಡೇಟಾ ಸೆಂಟರಿಗೆ ನೀರು ನುಗ್ಗಿದರೆ ಅದು ಕಾಪಾಡುತ್ತದೆ. ಕೈತಪ್ಪಿಗೆ ಅದು ಮದ್ದಲ್ಲ.

ಕಟ್ಟೋದು ಸುಲಭ. ನಿಮ್ಮ ಹತ್ತಿರ ಪೋಸ್ಟ್‌ಗ್ರೆಸ್ 12 ಅಥವಾ ಅದಕ್ಕಿಂತ ಹೊಸದು ಇದೆ ಅಂದುಕೊಳ್ಳೋಣ. ಪ್ರೈಮರಿಯಲ್ಲಿ ರೆಪ್ಲಿಕೇಶನ್ ಅನುಮತಿಯಿರುವ ಯೂಸರ್ ಮಾಡಿ, ಯಾರು ಕನೆಕ್ಟ್ ಆಗಬಹುದು ಅಂತ ಬರೆದಿಡುವ ಪಿಜಿ_ಎಚ್‌ಬಿಎ ಫೈಲಿನಲ್ಲಿ ಸ್ಟ್ಯಾಂಡ್‌ಬೈ ಐಪಿ ಸೇರಿಸಿ. ಸ್ಟ್ಯಾಂಡ್‌ಬೈ ಮೆಷಿನ್ನಿನ ಖಾಲಿ ಡೇಟಾ ಡೈರೆಕ್ಟರಿಗೆ, ಪ್ರೈಮರಿಯ ಪೂರ್ತಿ ನಕಲು ತರುವ ಪಿಜಿ_ಬೇಸ್‌ಬ್ಯಾಕಪ್ ಓಡಿಸಿ. ಕ್ಯಾಪಿಟಲ್ ಆರ್ ಆಪ್ಷನ್ ಕೊಟ್ಟರೆ ಸ್ಟ್ಯಾಂಡ್‌ಬೈ.ಸಿಗ್ನಲ್ ಫೈಲು, ಪ್ರೈಮರಿಯ ವಿಳಾಸ ಎರಡನ್ನೂ ಅದೇ ಬರೆದಿಡುತ್ತದೆ. ಸರ್ವರ್ ಸ್ಟಾರ್ಟ್ ಮಾಡಿ. ಪ್ರೈಮರಿಯ ಪಿಜಿ_ಸ್ಟ್ಯಾಟ್_ರೆಪ್ಲಿಕೇಶನ್‌ನಲ್ಲಿ ಸ್ಟ್ರೀಮಿಂಗ್ ಅಂತ ಕಂಡರೆ ಆಯ್ತು.

ರೆಪ್ಲಿಕೇಶನ್ ಸ್ಲಾಟ್ (ಸ್ಟ್ಯಾಂಡ್‌ಬೈ ಎಲ್ಲಿಯವರೆಗೆ ಪಡೆದಿದೆ ಅಂತ ಪ್ರೈಮರಿ ಇಟ್ಟುಕೊಳ್ಳುವ ಗುರುತು) ಬಳಸುವುದಾದರೆ ಒಂದು ಎಚ್ಚರ. ಸ್ಟ್ಯಾಂಡ್‌ಬೈ ಎರಡು ದಿನ ಬಿದ್ದಿದ್ದರೆ ಪ್ರೈಮರಿ ಅಷ್ಟೂ ವಾಲ್ ಫೈಲುಗಳನ್ನು (ಪ್ರತಿ ಬದಲಾವಣೆಯನ್ನೂ ಬರೆದಿಡುವ ಲಾಗ್) ಅದಕ್ಕಾಗಿ ಹಿಡಿದಿಟ್ಟುಕೊಳ್ಳುತ್ತದೆ, ಕೊನೆಗೆ ಡಿಸ್ಕ್ ತುಂಬಿ ಪ್ರೈಮರಿಯೇ ನಿಂತುಹೋಗುತ್ತದೆ. ಪೋಸ್ಟ್‌ಗ್ರೆಸ್ 13ರಿಂದ ಇದಕ್ಕೆ ಮಿತಿ ಹಾಕುವ ಮ್ಯಾಕ್ಸ್_ಸ್ಲಾಟ್_ವಾಲ್_ಕೀಪ್_ಸೈಜ್ ಇದೆ. ಹಾಕಿಬಿಡಿ.

ಸಿಂಕ್ರೊನಸ್, ಅಂದರೆ ಸ್ಟ್ಯಾಂಡ್‌ಬೈಗೂ ತಲುಪಿತು ಅಂತ ಉತ್ತರ ಬಂದ ಮೇಲೆಯೇ ಕಮಿಟ್ (ಬದಲಾವಣೆ ಖಾಯಂ) ಮುಗಿಯುವಂಥದ್ದು, ಬೇಕಾ? ಫೈಬರ್‌ನಲ್ಲಿ 1,000 ಕಿ.ಮೀ. ದೂರ ಹೋಗಿಬರಲು ಕನಿಷ್ಠ ಸುಮಾರು 10 ಮಿಲಿಸೆಕೆಂಡ್ ಬೇಕು, ಪ್ರತಿ ಕಮಿಟ್ಟೂ ಅಷ್ಟು ಹೊತ್ತು ಕಾಯುತ್ತದೆ. ಹಾಗಾಗಿ ಹತ್ತಿರದ್ದು ಸಿಂಕ್ರೊನಸ್, ದೂರದ ಊರಿನದ್ದು ಅಸಿಂಕ್ರೊನಸ್ ಇರಲಿ. ಸಿಂಕ್ರೊನಸ್ ಒಂದೇ ಇದ್ದು ಅದು ಬಿದ್ದರೆ ಕಮಿಟ್‌ಗಳೆಲ್ಲ ನೇತಾಡುತ್ತವೆ. ಎರಡಿಟ್ಟು, ಯಾವುದಾದರೂ ಒಂದು ಹೂಂ ಅಂದರೆ ಸಾಕು ಅಂತ ಸೆಟ್ ಮಾಡಿ.

ಕೈತಪ್ಪಿಗೆ ಇನ್ನೊಂದು ಸ್ಟ್ಯಾಂಡ್‌ಬೈ ಬೇಕು, ಬೇಕಂತಲೇ ಹಿಂದೆ ಓಡುವಂಥದ್ದು. ರಿಕವರಿ_ಮಿನ್_ಅಪ್ಲೈ_ಡಿಲೇ 4 ಗಂಟೆ ಅಂತ ಕೊಡಿ. ವಾಲ್ ತಕ್ಷಣ ಬಂದು ಸೇರುತ್ತದೆ, ಅನ್ವಯ ಆಗೋದು ಮಾತ್ರ ತಡ. ತಪ್ಪು ಗೊತ್ತಾದ ಕೂಡಲೇ ಅಲ್ಲಿ ಪಿಜಿ_ವಾಲ್_ರಿಪ್ಲೇ_ಪಾಸ್ ಹೊಡೆದು ಅನ್ವಯ ನಿಲ್ಲಿಸಿ, ಟೇಬಲ್ಲನ್ನು ಡಂಪ್ (ಫೈಲಿಗೆ ನಕಲು) ತೆಗೆಯಿರಿ. ಇಷ್ಟಾದರೂ ಬ್ಯಾಕಪ್ ಬೇಕೇ ಬೇಕು.

2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ಆದದ್ದು ಇದೇ. ಹಿಂದೆ ಬಿದ್ದ ಸ್ಟ್ಯಾಂಡ್‌ಬೈ ಸರಿಮಾಡಲು ಹೋಗಿ, ಅದರ ಡೈರೆಕ್ಟರಿ ಅಂದುಕೊಂಡು ಪ್ರೈಮರಿಯದ್ದನ್ನೇ ಅಳಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ದಿನದ ಡಂಪ್ ನೋಡಿದರೆ, ಹಳೇ ವರ್ಷನ್ನಿನ ಪಿಜಿ_ಡಂಪ್ ಓಡಿ ಫೇಲ್ ಆಗುತ್ತಿತ್ತು, ಯಾರಿಗೂ ಗೊತ್ತೇ ಇರಲಿಲ್ಲ. ಆರು ಗಂಟೆ ಹಿಂದೆ ಯಾರೋ ಬೇರೆ ಕೆಲಸಕ್ಕೆ ತೆಗೆದ ಸ್ನ್ಯಾಪ್‌ಶಾಟ್ ಕಾಪಾಡಿತು. ಅದಕ್ಕೇ ಎಲ್ಲ ಮೆಷಿನ್ನಿನ ಪ್ರಾಂಪ್ಟ್‌ಗೂ ಬೇರೆ ಬೇರೆ ಬಣ್ಣ ಕೊಡಿ, ನಗುವವರು ನಗಲಿ.

ಸ್ಟ್ಯಾಂಡ್‌ಬೈಯನ್ನು ಪ್ರೈಮರಿಯ ಜಾಗಕ್ಕೆ ಮೇಲೆತ್ತೋದು ಒಂದೇ ಸಾಲು: ಪಿಜಿ_ಪ್ರೊಮೋಟ್. ಅದಕ್ಕೂ ಮುಂಚೆ ಹಳೇ ಪ್ರೈಮರಿ ನಿಜವಾಗಿ ಸತ್ತಿದೆಯಾ ನೋಡಿ, ಇಲ್ಲಾಂದ್ರೆ ಎರಡೂ ಕಡೆ ಬರೆದುಕೊಂಡು ಆಮೇಲೆ ಯಾವುದು ಸರಿ ಅಂತ ಕೂಡಿಸಲು ಆಗುವುದಿಲ್ಲ. ಮೂರು ತಿಂಗಳಿಗೊಮ್ಮೆ ಅಭ್ಯಾಸ ಮಾಡಿ. ಮಾಡುವವರು ತಂಡದ ಹೊಸಬರಾಗಿರಲಿ, ನೀವು ಬರೆದಿಟ್ಟ ಹಂತಗಳನ್ನು ಓದಿಕೊಂಡೇ ಮಾಡಲಿ. ಹಳೇ ಪ್ರೈಮರಿಯನ್ನು ಪಿಜಿ_ರಿವೈಂಡ್‌ನಿಂದ ಸ್ಟ್ಯಾಂಡ್‌ಬೈ ಮಾಡಿಕೊಳ್ಳಬಹುದು, ಆದರೆ ವಾಲ್_ಲಾಗ್_ಹಿಂಟ್ಸ್ ಅಥವಾ ಚೆಕ್‌ಸಮ್ ಮೊದಲೇ ಆನ್ ಇರಬೇಕು. ಇಲ್ಲದಿದ್ದರೆ ಬೇಸ್‌ಬ್ಯಾಕಪ್ ಮತ್ತೆ ಮೊದಲಿನಿಂದ.