ತಿಂದದ್ದಲ್ಲ, ಬಾಗಿದ್ದನ್ನು ಬರೆದಿಟ್ಟೆ

ಎದೆಯುರಿ ಇದ್ದವರು ತಿಂದದ್ದನ್ನು ಬರೆದಿಡಿ ಅಂತಾರೆ. ಎರಡು ತಿಂಗಳು ಬರೆದೆ. ಇಡ್ಲಿ ತಿಂದ ದಿನವೂ ಉರಿ, ಮಜ್ಜಿಗೆ ಅನ್ನದ ದಿನವೂ ಉರಿ. ಮುರುಗಲು ಸಾರು ಬಿಟ್ಟೆ, ವ್ಯತ್ಯಾಸವಿಲ್ಲ. ಮಲಗುವ ಮುಂಚೆ ತಣ್ಣನೆ ಹಾಲು ಕುಡಿದೆ; ಅರ್ಧ ಗಂಟೆ ಸುಖ, ನಡುರಾತ್ರಿ ಇನ್ನೂ ಜಾಸ್ತಿ.

ಸುಳಿವು ಸಿಕ್ಕಿದ್ದು ಅಂಗಳದಲ್ಲಿ. ಮಧ್ಯಾಹ್ನ ಉಂಡವನೇ ಹರವಿದ ಅಡಿಕೆಯನ್ನು ಬಾಗಿ ಗುಡ್ಡೆ ಮಾಡುತ್ತಿದ್ದೆ. ಗಂಟಲಿಗೆ ಹುಳಿನೀರು ಬಂತು. ನೆಟ್ಟಗೆ ನಿಂತೆ, ಇಳಿಯಿತು. ಬೇಕೆಂದೇ ಮತ್ತೆ ಬಾಗಿದೆ, ಮತ್ತೆ ಬಂತು. ಅವತ್ತೇ ಪುಸ್ತಕದಲ್ಲಿ ಊಟದ ಲೆಕ್ಕ ನಿಲ್ಲಿಸಿ, ಆ ಹೊತ್ತಿಗೆ ಬಾಗಿದ್ದೆನೋ, ಮಲಗಿದ್ದೆನೋ, ಕೂತಿದ್ದೆನೋ ಅಂತ ಬರೆಯತೊಡಗಿದೆ. ಆರು ವಾರದಲ್ಲಿ ಸುಮಾರು 30 ಸಲ ಉರಿ. ಇಪ್ಪತ್ತಕ್ಕೂ ಹೆಚ್ಚು ಸಲ ಬಾಗಿದಾಗ ಇಲ್ಲವೇ ಮಲಗಿದಾಗ.

ಅಷ್ಟರಲ್ಲಿ ದುಡ್ಡು ಬಹಳ ಹೋಗಿತ್ತು. ಎದೆ ಹಿಡಿದಂತಾಗಿ ಇಸಿಜಿ, ಎಕೋ, ಟ್ರೆಡ್‌ಮಿಲ್ ಅಂತ ಏಳೆಂಟು ಸಾವಿರ. ಅದಕ್ಕೆ ಬೇಸರವಿಲ್ಲ. ಎದೆನೋವಿಗೆ ಮೊದಲು ಹೃದಯವನ್ನೇ ತೋರಿಸಬೇಕು, ಅಲ್ಲಿ ಸ್ವಂತ ಲೆಕ್ಕಾಚಾರ ಬೇಡ. ಬೇಸರ ಕೆಮ್ಮಿನ ಸಿರಪ್ಪಿಗೆ ಸುರಿದ ಮೂರು ಸಾವಿರಕ್ಕೆ. ಮಲಗಿದರೆ ಒಣಕೆಮ್ಮು, ಬೆಳಿಗ್ಗೆ ಒಡಕು ದನಿ. ಅದೂ ಈ ಎದೆಯುರಿಯದೇ ಬಾಲ ಅಂತ ಯಾರಿಗೂ ಹೊಳೆಯಲಿಲ್ಲ.

ಭಾವ ಹೇಳುತ್ತಲೇ ಇದ್ದರು, "ಬರೀ ಗ್ಯಾಸ್ಟ್ರಿಕ್ ಮಾರಾಯ, ಜೀರಿಗೆ ಕಷಾಯ ಕುಡಿ." ನಾನು ಪುಸ್ತಕ ಹಿಡಿದು ಡಾಕ್ಟರ ಹತ್ತಿರ ಹೋದೆ. ಅವರು ಎರಡು ಪುಟ ಓದಿ ಎಂಡೋಸ್ಕೋಪಿ, ಅಂದರೆ ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ ಜಠರ ನೋಡುವ ಪರೀಕ್ಷೆ, ಬರೆದರು. ಮೂರೂವರೆ ಸಾವಿರ ಇರಬೇಕು. ಹಯಾಟಸ್ ಹರ್ನಿಯಾ, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಪರದೆಯ ತೂತಿನಿಂದ ಜಠರ ಮೂರು ಸೆಂಟಿಮೀಟರಿನಷ್ಟು ಮೇಲೆ ಜಾರಿದೆ ಅಂತ ಬಂತು. ನನ್ನ ಪುಸ್ತಕ ಮೊದಲೇ ಹೇಳಿತ್ತು ಅನ್ನುವ ಹೆಮ್ಮೆ ನನಗಿದೆ.

ಆದರೆ ನುಂಗಿದ್ದು ಎದೆಯಲ್ಲಿ ಸಿಕ್ಕಿಕೊಂಡರೆ, ಮಲ ಟಾರಿನಂತೆ ಕಪ್ಪಾದರೆ, ಬರೆಯುತ್ತ ಕೂರಬೇಡಿ, ಅವತ್ತೇ ಹೋಗಿ.

ಡಾಕ್ಟರು ಕೊಟ್ಟದ್ದು ಜಠರದ ಆಮ್ಲ ಕಡಿಮೆ ಮಾಡುವ ಮಾತ್ರೆ, ತಿಂಡಿಗೆ ಅರ್ಧ ಗಂಟೆ ಮುಂಚೆ. ಮೂರು ದಿಂಬು ಪೇರಿಸಿ ಮಲಗಿದ್ದು ಕೆಲಸ ಮಾಡಲಿಲ್ಲ, ಹೊಟ್ಟೆ ಮಡಚಿ ಉರಿ ಹೆಚ್ಚಿತು. ಮಂಚದ ತಲೆಕಡೆಯ ಕಾಲುಗಳಿಗೇ ಆರಿಂಚಿನ ಹಲಸಿನ ದಿಮ್ಮಿ ಕೊಟ್ಟೆ, ಎಡಮಗ್ಗುಲಿಗೆ ಮಲಗಿದೆ. ಹತ್ತು ದಿನದಲ್ಲಿ ಕೆಮ್ಮು ಹೋಯಿತು. ಮಂಚದಿಂದ ಕೆಳಗೆ ಜಾರದಿರಲು ಒಂದು ಉಪಾಯ ಮಾಡಿದ್ದೇನೆ; ಈ ಮಳೆಗಾಲ ಕಳೆಯಲಿ, ಆಮೇಲೆ ಹೇಳುತ್ತೇನೆ. ಅಡಿಕೆ ಗುಡ್ಡೆ ಮಾಡುವುದನ್ನು ಊಟಕ್ಕೆ ಮುಂಚಿನ ಹೊತ್ತಿಗೆ ಹಾಕಿಕೊಂಡಿದ್ದೇನೆ.