ಹಾಲುಹಲ್ಲು ಹುಳುಕಾಗದಂತೆ ನೋಡಿಕೊಳ್ಳೋದು ಹೇಗೆ?

"ಹಾಲುಹಲ್ಲು ತಾನೇ, ಹೇಗೂ ಬಿದ್ದುಹೋಗುತ್ತೆ ಬಿಡಿ." ಈ ಮಾತನ್ನು ದಯವಿಟ್ಟು ನಂಬಬೇಡಿ. ಮುಂದಿನ ಹಲ್ಲುಗಳು ಆರೇಳು ವರ್ಷಕ್ಕೆ ಬೀಳುತ್ತವೆ, ನಿಜ. ಆದರೆ ಹಿಂದಿನ ದವಡೆ ಹಾಲುಹಲ್ಲು 10ರಿಂದ 12 ವರ್ಷದವರೆಗೂ ಬಾಯಲ್ಲಿ ಇರಬೇಕು. ಅದನ್ನು ಬೇಗ ಕೀಳಿಸಿದರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿಕೊಂಡು, ಹೊಸ ಹಲ್ಲು ಸೊಟ್ಟಗೆ ಬರುವ ಸಾಧ್ಯತೆ ಜಾಸ್ತಿ.

ನನ್ನ ದೊಡ್ಡ ಮಗಳಿಗೆ ಎರಡೂವರೆ ವರ್ಷವಿದ್ದಾಗ ಮೇಲಿನ ಮುಂದಿನ ಹಲ್ಲಿನಲ್ಲಿ, ವಸಡಿನ ಪಕ್ಕದಲ್ಲೇ, ಸೀಮೆಸುಣ್ಣದಂಥ ಬಿಳಿ ಗೆರೆ ಕಂಡಿತ್ತು. ಹಾಲಿನ ಕಲೆ ಅಂದುಕೊಂಡೆ. ಕೆಲವು ತಿಂಗಳಲ್ಲಿ ಅದೇ ಕಂದು ಬಣ್ಣಕ್ಕೆ ತಿರುಗಿ ಹಲ್ಲು ಪುಡಿಯಾಗತೊಡಗಿತು. ಬಿಳಿ ಇದ್ದಾಗಲೇ ತೋರಿಸಿದ್ದರೆ ಅದನ್ನು ಅಲ್ಲಿಗೇ ತಡೆಯಬಹುದಿತ್ತು. ಅದಕ್ಕೇ ತಿಂಗಳಿಗೊಮ್ಮೆಯಾದರೂ ಮಗುವಿನ ಮೇಲ್ದುಟಿ ಎತ್ತಿ, ಬೆಳಕಿನಲ್ಲಿ ನೋಡಿ.

ಹಲ್ಲಿನಲ್ಲಿ ಹುಳ ಏನೂ ಇರೋದಿಲ್ಲ. ಬಾಯಲ್ಲಿರುವ ಕ್ರಿಮಿಗಳು ಸಕ್ಕರೆ ತಿಂದು ಆಮ್ಲ ಬಿಡುತ್ತವೆ, ಅದು ಸುಮಾರು ಅರ್ಧ ಗಂಟೆ ಹಲ್ಲನ್ನು ಕರಗಿಸುತ್ತದೆ, ಆಮೇಲೆ ಜೊಲ್ಲು ಅದನ್ನು ತೊಳೆದು ನಿಧಾನವಾಗಿ ರಿಪೇರಿ ಮಾಡುತ್ತದೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಹಾಗಾಗಿ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುವ ಮಗುವಿನ ಹಲ್ಲು ರಾತ್ರಿಯಿಡೀ ಸಿಹಿಯಲ್ಲಿ ನೆನೆದಂತೆ. ನನ್ನ ಮಗಳಿಗೆ ಆಗಿದ್ದೂ ಇದೇ.

ಬಾಟಲಿ ಒಂದೇ ಸಲ ಕಿತ್ತುಕೊಂಡರೆ ಮನೆಯಲ್ಲಿ ಯಾರಿಗೂ ನಿದ್ದೆ ಇರೋದಿಲ್ಲ. ಒಂದು ವರ್ಷ ದಾಟಿದ ಮಗುವಾದರೆ ರಾತ್ರಿಯ ಬಾಟಲಿಯ ಹಾಲಿಗೆ ದಿನಾ ಸ್ವಲ್ಪ ಸ್ವಲ್ಪ ನೀರು ಜಾಸ್ತಿ ಮಾಡುತ್ತಾ ಬನ್ನಿ, ಹತ್ತು ಹದಿನೈದು ದಿನದಲ್ಲಿ ಬರೀ ನೀರಾಗುತ್ತದೆ, ಮಗು ತಾನಾಗಿ ಬಿಡುತ್ತದೆ. ಹಾಲನ್ನು ಹಗಲು ಲೋಟದಲ್ಲಿ ಕೊಡಿ.

ಬ್ರಷ್ ಶುರುವಾಗಬೇಕಾದ್ದು ಮೊದಲ ಹಲ್ಲು ಮೂಡಿದ ದಿನದಿಂದ. ಎಣ್ಣೆನೀರು ಹಾಕುವಾಗ ಕಾಲ ಮೇಲೆ ಮಲಗಿಸಿಕೊಳ್ಳುತ್ತೀರಲ್ವಾ, ಹಾಗೇ ತಲೆಯನ್ನು ನಿಮ್ಮ ತೊಡೆಯ ಮೇಲಿಟ್ಟು ಮಲಗಿಸಿದರೆ ಬಾಯಿ ಪೂರ್ತಿ ಕಾಣುತ್ತದೆ. ಮೂರು ವರ್ಷದವರೆಗೆ ಅಕ್ಕಿ ಕಾಳಿನಷ್ಟು ಪೇಸ್ಟ್, ಆಮೇಲೆ ಬಟಾಣಿಯಷ್ಟು. ಹಲ್ಲನ್ನು ಹುಳುಕಿನಿಂದ ಕಾಯೋದು ಪೇಸ್ಟಿನಲ್ಲಿರುವ ಫ್ಲೋರೈಡ್ ಅನ್ನೋ ಖನಿಜ, ಟ್ಯೂಬಿನ ಮೇಲೆ ಫ್ಲೋರೈಡ್ 1000 ಪಿಪಿಎಂ (ಅದರ ಪ್ರಮಾಣ) ಅಂತ ಇದೆಯಾ ಓದಿ ನೋಡಿ. ಮಕ್ಕಳ ಪೇಸ್ಟ್ ಅಂತ ಮಾರುವ ಕೆಲವದರಲ್ಲಿ ಫ್ಲೋರೈಡ್ ಇರೋದೇ ಇಲ್ಲ. ಕೋಲಾರ, ಪಾವಗಡ, ಮುಂಡರಗಿ ಕಡೆ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಜಾಸ್ತಿ, ಅತಿಯಾದರೆ ಅದೂ ಹಲ್ಲಿಗೆ ಒಳ್ಳೆಯದಲ್ಲ. ಅಲ್ಲಿ ಆ ನೀರನ್ನೇ ಕುಡಿಯುವವರು ಪೇಸ್ಟ್ ಯಾವುದು, ಎಷ್ಟು ಅಂತ ದಂತವೈದ್ಯರನ್ನು ಕೇಳಿಯೇ ಬಳಸಿ. ಉಜ್ಜಿದ ಮೇಲೆ ಉಗುಳಿಸಿ ಸಾಕು, ನೀರು ಹಾಕಿ ಮುಕ್ಕಳಿಸಬೇಡಿ. ದಿನಕ್ಕೆ ಎರಡು ಸಲ. ಬೆಳಗ್ಗೆ ಒಂದು ದಿನ ತಪ್ಪಿದರೂ ಪರವಾಗಿಲ್ಲ, ರಾತ್ರಿಯದು ಮಾತ್ರ ತಪ್ಪಲೇಬಾರದು, ಅದಾದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಏಳೆಂಟು ವರ್ಷದವರೆಗೆ ನೀವೇ ಉಜ್ಜಿ. ಮಗು ತಾನೇ ಉಜ್ಜಿಕೊಳ್ಳುತ್ತೇನೆ ಅಂದರೆ ಉಜ್ಜಲಿ, ಆಮೇಲೆ ನೀವೊಂದು ಸುತ್ತು ಉಜ್ಜಿ.

ಸಿಹಿ ಪೂರ್ತಿ ಬೇಡ ಅನ್ನೋದಿಲ್ಲ. ಎಷ್ಟು ತಿಂತು ಅನ್ನೋದಕ್ಕಿಂತ ಎಷ್ಟು ಸಲ ತಿಂತು ಅನ್ನೋದು ಮುಖ್ಯ. ಹಬ್ಬದ ದಿನ ಊಟದ ಜೊತೆ ಒಂದು ಹೋಳಿಗೆ ತಿಂದರೆ ಹಲ್ಲಿಗೆ ಒಂದೇ ಪೆಟ್ಟು. ಸುಮ್ನಿರಲಿ ಅಂತ ಗಂಟೆಗೊಂದು ಬಿಸ್ಕತ್ತು ಕೈಗೆ ಕೊಟ್ಟರೆ ದಿನಕ್ಕೆ ಎಂಟು ಪೆಟ್ಟು, ಅದೂ ದವಡೆಯ ಗೆರೆಗಳಲ್ಲಿ ಅಂಟಿಕೊಂಡು ಕೂರುವಂಥದ್ದು. ಬೆಲ್ಲ, ಜೇನುತುಪ್ಪ, ಕಲ್ಲುಸಕ್ಕರೆ ಆದರೂ ಕ್ರಿಮಿಗಳಿಗೆ ಎಲ್ಲಾ ಒಂದೇ. ಕೆಮ್ಮಿನ ಸಿರಪ್‌ನಲ್ಲೂ ಸಕ್ಕರೆ ಇರುತ್ತದೆ, ಕುಡಿಸಿದ ಮೇಲೆ ಒಂದು ಗುಟುಕು ನೀರು ಕೊಡಿ.

ಒಂದು ವರ್ಷ ತುಂಬುವುದರೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ. ಆರನೇ ವರ್ಷದ ಸುಮಾರಿಗೆ ಎಲ್ಲಕ್ಕಿಂತ ಹಿಂದೆ ಹೊಸ ದವಡೆ ಹಲ್ಲು ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳೋದಿಲ್ಲ, ಹಾಗಾಗಿ ಎಷ್ಟೋ ಮನೆಯಲ್ಲಿ ಅದನ್ನೂ ಹಾಲುಹಲ್ಲು ಅಂದುಕೊಂಡುಬಿಡುತ್ತಾರೆ. ಅದು ಕೊನೆತನಕ ಇರಬೇಕಾದ ಹಲ್ಲು. ಪೂರ್ತಿ ಮೇಲೆ ಬಂದ ಕೂಡಲೇ ಸೀಲೆಂಟ್ ಹಾಕಬಹುದಾ ಅಂತ ಕೇಳಿ. ಹಲ್ಲಿನ ಮೇಲಿನ ಗೆರೆಗಳನ್ನು ತೆಳ್ಳಗೆ ಮುಚ್ಚುತ್ತಾರೆ ಅಷ್ಟೇ, ನೋವಿಲ್ಲ, ಇಂಜೆಕ್ಷನ್ನೂ ಇಲ್ಲ.